ಲೂಟನ್ ಟೌನ್ 2023-24: 26 ಅಂಕ, 18ನೇ ಸ್ಥಾನ. ಕೈ ತಪ್ಪಿದ್ದು ಎಲ್ಲಿ? (ಅಭಿಮಾನಿಗಳ ಚರ್ಚೆ)

ಮಧ್ಯರಾತ್ರಿ ಮ್ಯಾಚ್

2025ರ ಮೇ 3ಕ್ಕೆ ವೆಸ್ಟ್ ಬ್ರಾಮ್ ಮೈದಾನದಲ್ಲಿ 5-3ಕ್ಕೆ ಸೋತು ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಲೂಟನ್ ಮತ್ತೆ ಕೆಳಗಿಳಿಯಿತು. ಮೊದಲ ದರ್ಜೆಯ ಪ್ರೀಮಿಯರ್ ಲೀಗ್‌ನಿಂದ ಎರಡನೇ ದರ್ಜೆಯ ಚಾಂಪಿಯನ್‌ಶಿಪ್‌ಗೆ, ಅಲ್ಲಿಂದ ಮೂರನೇ ದರ್ಜೆಯ ಲೀಗ್ ಒನ್‌ಗೆ, ಎರಡೇ ವರ್ಷದಲ್ಲಿ. ಅವತ್ತಿನಿಂದ ಎಲ್ಲ ಕಡೆ ಒಂದೇ ಮಾತು: "ಆ ತಂಡ ಪ್ರೀಮಿಯರ್ ಲೀಗ್‌ಗೆ ಬಂದಿದ್ದೇ ಅದೃಷ್ಟ, ಅಲ್ಲಿ ಆಡುವ ಯೋಗ್ಯತೆ ಇರಲಿಲ್ಲ." ಇದನ್ನು ನಾನು ಒಪ್ಪುವುದಿಲ್ಲ. ಆ ಸೀಸನ್ ನೋಡಿದವರು ಯಾರೂ ಒಪ್ಪಬಾರದು.

2024ರ ಫೆಬ್ರವರಿ 3ರ ರಾತ್ರಿ ನಿಂತು ನೋಡಿ. ನ್ಯೂಕಾಸಲ್‌ನಲ್ಲಿ 4-4 ಡ್ರಾ. ಲೂಟನ್ 22 ಪಂದ್ಯ ಆಡಿ 20 ಅಂಕ ಗಳಿಸಿತ್ತು. ಲೀಗ್‌ನಿಂದ ಇಳಿಯಬೇಕಾದ ಕೆಳಗಿನ ಮೂರು ತಂಡಗಳಲ್ಲಿ ಇರಲಿಲ್ಲ. ನಾಲ್ಕು ದಿನ ಮೊದಲು ಬ್ರೈಟನ್‌ಗೆ 4-0 ಹೊಡೆದಿತ್ತು. ಎಲೈಜಾ ಅಡೆಬಾಯೊ ಹ್ಯಾಟ್ರಿಕ್, ಮೊದಲ ಗೋಲು 18ನೇ ಸೆಕೆಂಡಿಗೆ. ನಮ್ಮಲ್ಲಿ ಆಗ ರಾತ್ರಿ 1.15. ಫೋನ್ ಚಾರ್ಜಿಗೆ ಹಾಕಿ ಕೂರುವಷ್ಟರಲ್ಲಿ ಎರಡು ಗೋಲು ಆಗಿತ್ತು.

ಆಮೇಲಿನ 16 ಪಂದ್ಯಗಳಲ್ಲಿ ಬಂದದ್ದು 6 ಅಂಕ. ಅಷ್ಟೇ. ಒಟ್ಟು 26. 17ನೇ ಸ್ಥಾನದ ನಾಟಿಂಗ್‌ಹ್ಯಾಮ್ ಫಾರೆಸ್ಟ್ 32ರಲ್ಲಿ ನಿಂತು ಉಳಿಯಿತು.

ಕೈ ತಪ್ಪಿದ್ದು ಕೊನೆಯ ನಿಮಿಷಗಳಲ್ಲಿ, ಹಿಂದಿನ ಸಾಲಿನಲ್ಲಿ ಅನ್ನುವುದು ನನ್ನ ವಾದ. ಲಿವರ್‌ಪೂಲ್ ವಿರುದ್ಧ ಮನೆಯಲ್ಲಿ, ಅಂದರೆ ತಮ್ಮದೇ ಮೈದಾನದಲ್ಲಿ, ತಾಹಿತ್ ಚಾಂಗ್ 80ನೇ ನಿಮಿಷಕ್ಕೆ ಹೊಡೆದ. 95ಕ್ಕೆ ಲೂಯಿಸ್ ಡಯಾಸ್ ಸಮ ಮಾಡಿದ. ಆರ್ಸೆನಲ್ ವಿರುದ್ಧ 3-3 ಇದ್ದಾಗ 97ನೇ ನಿಮಿಷಕ್ಕೆ ಡೆಕ್ಲನ್ ರೈಸ್ ಹೆಡರ್, ಸೋಲು. ಆಸ್ಟನ್ ವಿಲ್ಲಾ ವಿರುದ್ಧ 0-2ರಿಂದ 2-2ಕ್ಕೆ ತಂದ ಮೇಲೆ 89ಕ್ಕೆ ಡೀನ್ಯ. ಟಾಟನ್‌ಹ್ಯಾಮ್‌ನಲ್ಲಿ 86ಕ್ಕೆ ಸಾನ್. ಬೋರ್ನ್‌ಮತ್‌ನಲ್ಲಿ ಅರ್ಧ ಸಮಯಕ್ಕೆ 3-0 ಮುಂದಿದ್ದು 4-3ಕ್ಕೆ ಸೋತದ್ದು. ಇವನ್ನು ಕೂಡಿಸಿ ನೋಡಿ, 8 ಅಂಕ ಆಗುತ್ತದೆ. ಫಾರೆಸ್ಟ್ ದಾಟಲು ಬೇಕಿದ್ದುದು 7. ನೀವೇನು ಹೇಳುತ್ತೀರಿ?

ಅಂಕಿಪಟ್ಟಿ

ಕಳೆದದ್ದನ್ನು ಎಣಿಸಿದಿರಿ, ಸಿಕ್ಕಿದ್ದನ್ನು ಬಿಟ್ಟಿರಿ. ಅದು ಸರಿಯಲ್ಲ ಅಲ್ವಾ?

ಫಾರೆಸ್ಟ್ ಮೈದಾನದಲ್ಲಿ 0-2 ಹಿಂದಿದ್ದು, ಅಡೆಬಾಯೊ 92ನೇ ನಿಮಿಷಕ್ಕೆ 2-2 ಮಾಡಿದ. ಬರ್ನ್ಲಿಯಲ್ಲಿ ಕಾರ್ಲ್‌ಟನ್ ಮಾರಿಸ್ 92ಕ್ಕೆ 1-1. ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಕಾಲಿ ವುಡ್‌ರೋ 96ಕ್ಕೆ 1-1. ಮನೆಯಲ್ಲಿ ಫಾರೆಸ್ಟ್ ವಿರುದ್ಧ ಲ್ಯೂಕ್ ಬೆರಿ 89ಕ್ಕೆ 1-1. ಏಪ್ರಿಲ್ 6ಕ್ಕೆ ಬೋರ್ನ್‌ಮತ್ ವಿರುದ್ಧ ಮಾರಿಸ್ 90ಕ್ಕೆ 2-1. ಇವೂ ಕೊನೆಯ ನಿಮಿಷಗಳೇ. 6 ಅಂಕ ಇಲ್ಲಿಂದ ಬಂತು. ಅದರಲ್ಲೂ ಎರಡು ಸಲ ಫಾರೆಸ್ಟ್ ಕೈಯಿಂದಲೇ ಕಿತ್ತುಕೊಂಡದ್ದು.

ಹಾಗಾಗಿ ಕೊನೆಯ ನಿಮಿಷ ಲೂಟನ್‌ಗೆ ಶತ್ರುವಾಗಿತ್ತು ಅನ್ನುವುದಕ್ಕೆ ಲೆಕ್ಕ ಅಷ್ಟಾಗಿ ಕೂಡಿ ಬರುವುದಿಲ್ಲ. ನನ್ನ ಪ್ರಕಾರ ಕೈ ತಪ್ಪಿದ್ದು ಬೇರೆ ಎರಡು ಪಂದ್ಯಗಳಲ್ಲಿ. ಅಕ್ಟೋಬರ್ 3ಕ್ಕೆ ಮನೆಯಲ್ಲಿ ಬರ್ನ್ಲಿಗೆ 1-2 ಸೋತರು. ಫೆಬ್ರವರಿ 10ಕ್ಕೆ ಮನೆಯಲ್ಲಿ ಶೆಫೀಲ್ಡ್ ಯುನೈಟೆಡ್‌ಗೆ 1-3 ಸೋತರು. ಇವೆರಡೂ ಲೂಟನ್‌ಗಿಂತ ಕೆಳಗೆ ಮುಗಿಸಿದ ತಂಡಗಳು. ಶೆಫೀಲ್ಡ್ ಇಡೀ ಸೀಸನ್‌ನಲ್ಲಿ ಗಳಿಸಿದ್ದೇ 16 ಅಂಕ. ಬ್ರೈಟನ್‌ಗೆ ನಾಲ್ಕು ಹೊಡೆದ ತಂಡ ಹನ್ನೊಂದೇ ದಿನದಲ್ಲಿ ಅದೇ ಮೈದಾನದಲ್ಲಿ ಶೆಫೀಲ್ಡ್‌ಗೆ ಸೋಲುವುದು ಅಂದರೆ!

ಓಕ್ ರೋಡ್ ಪಕ್ಕ

ನಾನು ಕೆಲಸಕ್ಕೆ ಅಂತ ಬಂದು ಬೆಡ್‌ಫರ್ಡ್‌ಶೈರ್‌ನಲ್ಲೇ ನೆಲೆಸಿದವಳು. ಅಂಕದ ಚರ್ಚೆ ನೀವು ಮಾಡಿ. ಲೂಟನ್ ಮೈದಾನ ಹೇಗಿದೆ ಅಂತ ನಾನು ಹೇಳುತ್ತೇನೆ. ಟೀವಿಯಲ್ಲಿ ಅದು ಸರಿಯಾಗಿ ಕಾಣುವುದಿಲ್ಲ.

ಕೆನಿಲ್‌ವರ್ತ್ ರೋಡ್ ಇರುವುದು ಬರಿ ಪಾರ್ಕ್ ಅನ್ನುವ ಬಡಾವಣೆಯಲ್ಲಿ. ಪಾಕಿಸ್ತಾನಿ, ಬಾಂಗ್ಲಾದೇಶಿ ಮೂಲದವರೇ ಜಾಸ್ತಿ. ಮಿಠಾಯಿ ಅಂಗಡಿ, ಬಟ್ಟೆ ಅಂಗಡಿ, ಕಬಾಬ್ ಹೊಗೆ. ಅದರ ನಡುವೆ ಒಂದಕ್ಕೊಂದು ಅಂಟಿಕೊಂಡ ಇಟ್ಟಿಗೆ ಮನೆಗಳ ಸಾಲು. ಓಕ್ ರೋಡ್‌ನಲ್ಲಿ ಆ ಮನೆಗಳ ಸಾಲಿನ ನಡುವೆಯೇ ಸ್ಟೇಡಿಯಂ ಬಾಗಿಲು. ಮೇಲೆ ಮಲಗುವ ಕೋಣೆಯ ಕಿಟಕಿ, ಕೆಳಗೆ ಟಿಕೆಟ್ ತೋರಿಸುವ ಗೇಟು. ಒಳಗೆ ಹೋದರೆ ಕಬ್ಬಿಣದ ಮೆಟ್ಟಿಲು. ಹತ್ತುವಾಗ ಎರಡೂ ಪಕ್ಕ ಮನೆಗಳ ಹಿತ್ತಲು ಕಾಣುತ್ತದೆ: ಒಗೆದ ಬಟ್ಟೆ, ಮಕ್ಕಳ ಸೈಕಲ್, ಕಸದ ಡಬ್ಬಿ. ಮ್ಯಾಂಚೆಸ್ಟರ್ ಸಿಟಿ ಅಭಿಮಾನಿಗಳೂ, ಆರ್ಸೆನಲ್ ಅಭಿಮಾನಿಗಳೂ ಹಾಗೆ ಹಿತ್ತಲು ದಾಟಿಯೇ ಒಳಗೆ ಹೋಗಬೇಕಿತ್ತು.

1905ರಿಂದ ಕ್ಲಬ್ ಅಲ್ಲೇ ಇದೆ. ಹಿಡಿಯುವುದು ಸುಮಾರು 12 ಸಾವಿರ ಜನ, ಅಷ್ಟೇ. ಪ್ರೀಮಿಯರ್ ಲೀಗ್ ಕಂಡ ಅತಿ ಚಿಕ್ಕ ಮೈದಾನಗಳಲ್ಲಿ ಒಂದು. ಟೀವಿಯವರಿಗೆ ಬೇಕಾದ ದೀಪ, ಕ್ಯಾಮೆರಾ ಜಾಗ, ಕೋಣೆ ಎಲ್ಲ ಹೊಸದಾಗಿ ಕಟ್ಟಬೇಕಾಯಿತು. ಬಾಬರ್ಸ್ ಸ್ಟ್ಯಾಂಡ್ ಕೆಡವಿ ಎಬ್ಬಿಸಿದರು. ಆಗಸ್ಟ್‌ನಲ್ಲಿ ಕೆಲಸ ಮುಗಿಯಲಿಲ್ಲ, ಬರ್ನ್ಲಿ ಜೊತೆಗಿನ ಮೊದಲ ಮನೆ ಪಂದ್ಯವನ್ನೇ ಮುಂದೂಡಿದರು. ಸೆಪ್ಟೆಂಬರ್ 1, ಶುಕ್ರವಾರ ರಾತ್ರಿ ವೆಸ್ಟ್ ಹ್ಯಾಮ್ ಬಂದಿತು. 1-2 ಸೋತೆವು. ಆದರೆ ಆ ರಾತ್ರಿ ಬೀದಿಯಲ್ಲಿ ಮುದುಕರು ಕಣ್ಣೊರೆಸಿಕೊಳ್ಳುತ್ತಿದ್ದರು. 31 ವರ್ಷ ಕಾದವರು ಅವರು.

ತಗಡು ಮಾಡಿನ ಕೆಳಗೆ ಸದ್ದು ಹೊರಗೆ ಹೋಗುವುದೇ ಇಲ್ಲ. ಚಾಂಗ್ ಲಿವರ್‌ಪೂಲ್‌ಗೆ ಗೋಲು ಹೊಡೆದಾಗ ಪಕ್ಕದವರು ಏನು ಕಿರುಚಿದರು ಅಂತಲೂ ಕೇಳಿಸಲಿಲ್ಲ. ಅದೇ ಪಂದ್ಯದಲ್ಲಿ ಕೆಲವರು ಲಿವರ್‌ಪೂಲ್ ಅಭಿಮಾನಿಗಳು ಸತ್ತ ಹಿಲ್ಸ್‌ಬರೋ ದುರಂತವನ್ನು ಆಡಿಕೊಂಡು ಹಾಡಿದರು. ಅದು ನಾಚಿಕೆಗೇಡು. ಕ್ಲಬ್ ಕ್ಷಮೆ ಕೇಳಿತು. ಆ ಸೀಸನ್ ಅಂದರೆ ಅದೂ ಸೇರಿಯೇ, ಅದನ್ನು ಬಿಟ್ಟು ಹೇಳಲು ನನಗೆ ಇಷ್ಟವಿಲ್ಲ.

ಹಳೇ ಹ್ಯಾಟರ್

31 ವರ್ಷ ಅಂದಿರಿ. ಆ 31 ವರ್ಷದಲ್ಲಿ ಏನಾಯಿತು ಅಂತ ಹೊಸಬರಿಗೆ ಗೊತ್ತಿರಲಿ.

1992ರಲ್ಲಿ ಲೂಟನ್ ಕೆಳಗಿಳಿಯಿತು. ಅದರ ಮುಂದಿನ ಸೀಸನ್ನಿಗೇ ಪ್ರೀಮಿಯರ್ ಲೀಗ್ ಶುರು. ನಾಲ್ಕು ವರ್ಷ ಹಿಂದಷ್ಟೇ, 1988ರಲ್ಲಿ, ವೆಂಬ್ಲಿಯಲ್ಲಿ ಆರ್ಸೆನಲ್‌ಗೆ 3-2 ಹೊಡೆದು ಲೀಗ್ ಕಪ್ ಗೆದ್ದ ತಂಡ ಅದು. ದುಡ್ಡು ಹರಿಯುವ ಹೊತ್ತಿಗೆ ಸರಿಯಾಗಿ ಬಾಗಿಲ ಹೊರಗೆ ನಿಂತಿತು.

ಆಮೇಲೆ 2008. ಹಿಂದಿನ ಆಡಳಿತದವರ ಲೆಕ್ಕದ ಎಡವಟ್ಟುಗಳಿಗಾಗಿ 10 ಅಂಕ, ದಿವಾಳಿಯಿಂದ ನಿಯಮದ ಪ್ರಕಾರ ಹೊರಬರಲಿಲ್ಲ ಅಂತ 20 ಅಂಕ. ಒಟ್ಟು ಮೈನಸ್ 30ರಿಂದ ನಾಲ್ಕನೇ ದರ್ಜೆಯಲ್ಲಿ ಸೀಸನ್ ಶುರು ಮಾಡಿ ಅಂದರು. ಯಾವ ತಂಡ ಉಳಿಯುತ್ತದೆ? ಲೀಗ್‌ನಿಂದಲೇ ಹೊರಬಿದ್ದರು. ಐದು ವರ್ಷ ಐದನೇ ದರ್ಜೆಯಲ್ಲಿ ಒದ್ದಾಡಿದರು. 2014ರಲ್ಲಿ ಜಾನ್ ಸ್ಟಿಲ್ ಕೈಯಲ್ಲಿ ವಾಪಸ್. 2018ರಲ್ಲಿ ಒಂದು ಮೆಟ್ಟಿಲು, 2019ರಲ್ಲಿ ಇನ್ನೊಂದು. ಪೆಲ್ಲಿ ರಡಕ್ ಎಂಪಾಂಜು ಐದನೇ ದರ್ಜೆಯಲ್ಲಿದ್ದಾಗ ಸೇರಿದವನು, ಅದೇ ಅಂಗಿಯಲ್ಲಿ ಪ್ರೀಮಿಯರ್ ಲೀಗ್ ಆಡಿದ. ಒಂದೇ ಕ್ಲಬ್ ಜೊತೆ ಅಷ್ಟು ದೂರ ಹತ್ತಿದ ಆಟಗಾರ ಅವನಿಗೂ ಮೊದಲು ಯಾರೂ ಇಲ್ಲ.

ಈಗ 2023-24 ನೋಡಿ. ಖರ್ಚಿನ ಮಿತಿ ಮೀರಿದ್ದಕ್ಕೆ ಎವರ್ಟನ್‌ಗೆ ಎರಡು ಸಲ ಸೇರಿ 8 ಅಂಕ ಕಡಿತ. ಫಾರೆಸ್ಟ್‌ಗೆ 4. ಇಬ್ಬರೂ ಉಳಿದರು. ಮಿತಿಯೊಳಗೇ ಬದುಕಿದ ಲೂಟನ್ ಇಳಿಯಿತು. ಮೈನಸ್ 30 ಹೊತ್ತುಕೊಂಡ ಊರಿಗೆ ಇದು ಎಷ್ಟು ಉರಿದಿರಬೇಕು ಯೋಚಿಸಿ. ಆದರೆ ಕಡಿತ ಆದಮೇಲೂ ಅವರಿಬ್ಬರೂ ಲೂಟನ್‌ಗಿಂತ ಮೇಲೇ ಇದ್ದರು ಅನ್ನುವುದು ನಿಜ. ಕಡಿತದ ಮೇಲೆ ತಪ್ಪು ಹೊರಿಸಲು ನನಗೆ ಮನಸ್ಸಿಲ್ಲ.

ಎಡಗಾಲು

ಎಲ್ಲರೂ ಭಾವುಕರಾಗಿದ್ದೀರಿ. ಆಟದ ಬಗ್ಗೆ ಮಾತಾಡೋಣ.

85 ಗೋಲು ಬಿಟ್ಟುಕೊಟ್ಟರು. 38 ಪಂದ್ಯಕ್ಕೆ 85! ಎವರ್ಟನ್ ಹೊಡೆದದ್ದು ಬರೀ 40 ಗೋಲು. ಲೂಟನ್ 52. ಆದರೂ ಎವರ್ಟನ್ 15ನೇ ಸ್ಥಾನ. ಯಾಕೆ? ಅವರು ಬಿಟ್ಟದ್ದು 51. ಚಿಕ್ಕ ತಂಡ ಉಳಿಯಬೇಕಾದರೆ ಬಾಗಿಲು ಹಾಕಿಕೊಳ್ಳಬೇಕು. ಕೋಚ್ ರಾಬ್ ಎಡ್ವರ್ಡ್ಸ್ ಹಾಕಿಕೊಳ್ಳಲಿಲ್ಲ.

ಹಿಂದೆ ಮೂವರು, ಅವರು ಎದುರಾಳಿಯನ್ನು ಒಬ್ಬೊಬ್ಬರಾಗಿ ಹಿಡಿದುಕೊಂಡು ಮೈದಾನದ ಅರ್ಧದವರೆಗೂ ಹಿಂಬಾಲಿಸುತ್ತಿದ್ದರು. ಒಬ್ಬ ತಪ್ಪಿಸಿಕೊಂಡರೆ ಹಿಂದೆ ಬಯಲೇ ಬಯಲು. ಚಾಂಪಿಯನ್‌ಶಿಪ್‌ನಲ್ಲಿ ಅದು ನಡೆಯುತ್ತದೆ. ಹೊಯ್ಲುಂಡ್ ಥರದವರ ಮುಂದೆ ನಡೆಯುವುದಿಲ್ಲ. ಮ್ಯಾಂಚೆಸ್ಟರ್ ಯುನೈಟೆಡ್ ಮನೆಗೆ ಬಂದಾಗ ಅವನು 37ನೇ ಸೆಕೆಂಡಿಗೆ ಒಂದು, 7ನೇ ನಿಮಿಷಕ್ಕೆ ಇನ್ನೊಂದು ಹೊಡೆದ. ಎಫ್‌ಎ ಕಪ್‌ನಲ್ಲಿ ಸಿಟಿ ವಿರುದ್ಧ 2-6, ಹಾಲಂಡ್ ಒಬ್ಬನೇ ಐದು, ಅದರಲ್ಲಿ ನಾಲ್ಕಕ್ಕೆ ಬಾಲು ಕೊಟ್ಟವನು ಡಿ ಬ್ರೈನ. ಅದಾದ ಮೇಲೂ ಅದೇ ಆಟ. ಏಪ್ರಿಲ್ 20ಕ್ಕೆ ಮನೆಯಲ್ಲಿ ಬ್ರೆಂಟ್‌ಫರ್ಡ್‌ಗೆ 1-5. ಉಳಿವಿನ ಹೋರಾಟದಲ್ಲಿರುವ ತಂಡ ಏಪ್ರಿಲ್‌ನಲ್ಲಿ ಮನೆಯಲ್ಲಿ ಐದು ಗೋಲು ತಿನ್ನುವುದಾ?

ಮಧ್ಯರಾತ್ರಿ ಮ್ಯಾಚ್

@ಎಡಗಾಲು, ಬಾಗಿಲು ಹಾಕಿಕೊಂಡು ಯಾರನ್ನು ನಿಲ್ಲಿಸುತ್ತಿದ್ದಿರಿ? ಅದಕ್ಕೂ ಒಳ್ಳೆಯ ಡಿಫೆಂಡರ್‌ಗಳು ಬೇಕು. ಲೂಟನ್ ಬಳಿ ಇದ್ದದ್ದು ಮುಂದಿನ ಸಾಲು. ಎಡಗಡೆಯಿಂದ ಆಲ್ಫಿ ಡೌಟಿಯ ಕ್ರಾಸ್, ನಡುವೆ ಮಾರಿಸ್ ಮತ್ತು ಅಡೆಬಾಯೊ. ಮಾರಿಸ್ 11 ಗೋಲು, ಅಡೆಬಾಯೊ 10. ಅಡೆಬಾಯೊ 2021ರವರೆಗೂ ವಾಲ್ಸಾಲ್‌ನಲ್ಲಿ ನಾಲ್ಕನೇ ದರ್ಜೆ ಆಡುತ್ತಿದ್ದ ಹುಡುಗ. ಬಾಲನ್ನು ಬೇಗ ಮುಂದೆ ಕಳಿಸುವುದು, ಎದುರಾಳಿಯನ್ನು ಅವರ ಅರ್ಧದಲ್ಲೇ ಹಿಡಿಯುವುದು, ಗೊತ್ತಿದ್ದ ಒಂದು ಕೆಲಸವನ್ನು ಪೂರ್ತಿ ಮಾಡುವುದು. ಎಡ್ವರ್ಡ್ಸ್ ಮಾಡಿದ್ದು ಅದು.

ಮತ್ತೆ ರಾಸ್ ಬಾರ್ಕ್ಲಿ. ಎಲ್ಲರೂ ಮುಗಿದ ಕಥೆ ಅಂದಿದ್ದರು. ನೀಸ್‌ನಿಂದ ಪುಕ್ಕಟೆ ಬಂದವನನ್ನು ಎಡ್ವರ್ಡ್ಸ್ ಹಿಂದೆ ಎಳೆದು ಮಿಡ್‌ಫೀಲ್ಡ್‌ನ ಬುಡದಲ್ಲಿ ಆಡಿಸಿದರು. ತನ್ನ ಪೆನಾಲ್ಟಿ ಬಾಕ್ಸ್ ಹತ್ತಿರ ಬಾಲು ತೆಗೆದುಕೊಂಡು, ಭುಜ ಒಂದು ಕಡೆ ಬಾಗಿಸಿ, ಇನ್ನೊಂದು ಕಡೆಯಿಂದ ಇಬ್ಬರನ್ನು ದಾಟಿ ಹೊರಡುತ್ತಿದ್ದ. ಡಿಸೆಂಬರ್ 5ಕ್ಕೆ ಆರ್ಸೆನಲ್ ವಿರುದ್ಧ 57ನೇ ನಿಮಿಷಕ್ಕೆ 3-2 ಮಾಡಿದ್ದು ಅವನೇ. ಬಾಗಿಲು ಹಾಕಿಕೊಂಡ ತಂಡದಲ್ಲಿ ಇದೆಲ್ಲ ನೋಡಲು ಸಿಗುತ್ತಿತ್ತಾ?

ದುಡ್ಡಿನ ಮಾತೂ ಇದೆ. ಬರ್ನ್ಲಿ ಲೂಟನ್‌ಗಿಂತ ಎಷ್ಟೋ ಪಟ್ಟು ಖರ್ಚು ಮಾಡಿ 24 ಅಂಕಕ್ಕೆ ನಿಂತಿತು. ಮೇಲೆ ಬಂದ ಮೂರೂ ತಂಡ ಒಟ್ಟಿಗೆ ಇಳಿದದ್ದು 1997-98ರ ನಂತರ ಅದೇ ಮೊದಲು. ಆ ಮೂರರಲ್ಲಿ ಕೊನೆಯ ವಾರದವರೆಗೂ ಉಸಿರು ಹಿಡಿದದ್ದು ಲೂಟನ್ ಮಾತ್ರ.

ಗೋಲ್‌ಕೀಪರ್ ಮೇಡಂ

ಇಷ್ಟು ಹೊತ್ತಾದರೂ ಯಾರೂ ಲಾಕ್ಯರ್ ಹೆಸರು ತೆಗೆಯಲಿಲ್ಲ. ನನಗೆ ಆ ಸೀಸನ್ ಅಂದರೆ ಮೊದಲು ಅವನೇ.

ಕ್ಯಾಪ್ಟನ್ ಟಾಮ್ ಲಾಕ್ಯರ್. 2023ರ ಮೇ 27ಕ್ಕೆ ವೆಂಬ್ಲಿಯಲ್ಲಿ ಕಾವೆಂಟ್ರಿ ವಿರುದ್ಧ ಪ್ಲೇಆಫ್ ಫೈನಲ್, ಗೆದ್ದವರು ಪ್ರೀಮಿಯರ್ ಲೀಗ್‌ಗೆ. ಪಂದ್ಯ ಶುರುವಾದ ಸ್ವಲ್ಪ ಹೊತ್ತಿಗೇ ಅವನು ಕುಸಿದು ಬಿದ್ದ. ತಂಡ ಪೆನಾಲ್ಟಿಯಲ್ಲಿ 6-5ಕ್ಕೆ ಗೆದ್ದು ಮೇಲೆ ಹೋಗುವಾಗ ಅವನು ಆಸ್ಪತ್ರೆಯಲ್ಲಿದ್ದ. ಹೃದಯಕ್ಕೆ ಚಿಕಿತ್ಸೆ ಆಯಿತು, ವೈದ್ಯರು ಆಡಬಹುದು ಅಂದರು, ವಾಪಸ್ ಬಂದ. ಸೆಪ್ಟೆಂಬರ್ 30ಕ್ಕೆ ಎವರ್ಟನ್ ಮೈದಾನದಲ್ಲಿ ಲೂಟನ್ ತನ್ನ ಮೊದಲ ಪ್ರೀಮಿಯರ್ ಲೀಗ್ ಗೆಲುವು ಕಂಡಾಗ ಮೊದಲ ಗೋಲು ಹೊಡೆದದ್ದೂ ಅವನೇ.

ಡಿಸೆಂಬರ್ 16, ಬೋರ್ನ್‌ಮತ್. 1-1 ಇತ್ತು. 59ನೇ ನಿಮಿಷದಲ್ಲಿ ಹತ್ತಿರ ಯಾರೂ ಇಲ್ಲದೆ ಬಿದ್ದ. ಈ ಸಲ ಹೃದಯವೇ ನಿಂತಿತ್ತು. ಎಡ್ವರ್ಡ್ಸ್ ಮೈದಾನದೊಳಗೆ ಓಡಿದರು. ವೈದ್ಯಕೀಯ ತಂಡ ಅಲ್ಲೇ ಅವನನ್ನು ಉಳಿಸಿತು. ಪಂದ್ಯ ನಿಲ್ಲಿಸಿದರು. ಒಂದೇ ವಾರ ಕಳೆದು ಲೂಟನ್ ನ್ಯೂಕಾಸಲ್ ವಿರುದ್ಧ ಆಡಿ 1-0 ಗೆದ್ದಿತು, ಆಂಡ್ರೋಸ್ ಟೌನ್‌ಸೆಂಡ್ ಗೋಲು. ಬಾಕ್ಸಿಂಗ್ ಡೇಗೆ ಶೆಫೀಲ್ಡ್‌ನಲ್ಲಿ 3-2. ಆ ಹುಡುಗರಿಗೆ ಅಂಥ ವಾರದಲ್ಲಿ ಕಾಲು ಹೇಗೆ ಓಡಿತೋ.

ನಾನು ಮಕ್ಕಳಿಗೆ ಗೋಲ್‌ಕೀಪಿಂಗ್ ಕಲಿಸುತ್ತೇನೆ. ಹಿಂದಿನ ಮೂವರಲ್ಲಿ ಲಾಕ್ಯರ್ ಥರ ನಡುವಿನವನ ಕೆಲಸ ಕಾಲಿಗಿಂತ ಬಾಯಿಯದು. ಯಾರು ಮುಂದೆ ಹೋಗಬೇಕು, ಯಾರು ನಿಲ್ಲಬೇಕು, ಸಾಲು ಯಾವಾಗ ಮೇಲೆ ಸರಿಯಬೇಕು, ಇದನ್ನೆಲ್ಲ ಕೂಗುತ್ತಾ ಇರಬೇಕು. ಎಡಗಾಲು ಅವರು ಹೇಳಿದ ಹಾಗೆ ಒಬ್ಬೊಬ್ಬರನ್ನೇ ಹಿಡಿಯುವ ಆಟದಲ್ಲಿ ಅದು ಇನ್ನೂ ಮುಖ್ಯ. ಮೊದಲ ಬೋರ್ನ್‌ಮತ್ ಪಂದ್ಯ ಆ ಧ್ವನಿ ಹೋದ ದಿನ. ಮಾರ್ಚ್ 13ಕ್ಕೆ ಅದೇ ಪಂದ್ಯವನ್ನು 0-0ಯಿಂದ ಮತ್ತೆ ಆಡಿದರು. ಚಾಂಗ್, ಒಗ್ಬೆನೆ, ಬಾರ್ಕ್ಲಿ, 3-0. ಎರಡನೇ ಅರ್ಧದಲ್ಲಿ 50ಕ್ಕೆ ಸೊಲಾಂಕಿ, 62ಕ್ಕೆ ಜಬಾರ್ನಿ, 64ಕ್ಕೆ ಸೆಮೆನ್ಯೊ. 14 ನಿಮಿಷದಲ್ಲಿ ಮೂರು. 83ಕ್ಕೆ ಸೆಮೆನ್ಯೊ ಮತ್ತೆ. ಆ 14 ನಿಮಿಷದಲ್ಲಿ ಯಾರಾದರೂ ಒಬ್ಬರು ಬಾಲನ್ನು ಹೊರಗೆ ಒದ್ದು, ನೆಲದ ಮೇಲೆ ಕೂತು, ಎಲ್ಲರನ್ನೂ ಹತ್ತಿರ ಕರೆದು ಮಾತಾಡಬೇಕಿತ್ತು. ಮಾತಾಡುವವನು ಮನೆಯಲ್ಲಿದ್ದ.

ಅದಕ್ಕೇ ಹೇಳುವುದು, ಇದನ್ನು ಬರೀ ತಂತ್ರ ಅಂತ ಓದಬೇಡಿ. ಮಿಡ್‌ಫೀಲ್ಡರ್ ನಕಾಂಬ ಮೊಣಕಾಲು ನೋವಿಗೆ ಹೋದ. ಫೆಬ್ರವರಿಯಲ್ಲಿ ಅಡೆಬಾಯೊ ತೊಡೆಯ ಸ್ನಾಯು ಹಿಡಿದುಕೊಂಡ. ಡಿಫೆಂಡರ್ ಓಶೊ ಹೋದ. ಚಿಕ್ಕ ತಂಡದ ಹನ್ನೆರಡನೆಯವನಿಗೂ ಹದಿನೆಂಟನೆಯವನಿಗೂ ನಡುವೆ ಇರುವ ಅಂತರ ದೊಡ್ಡದು.

ಎಡಗಾಲು

ಲಾಕ್ಯರ್ ವಿಷಯ ಪೂರ್ತಿ ಒಪ್ಪುತ್ತೇನೆ. ಆದರೆ ಅದೇ ನನ್ನ ವಾದವನ್ನು ಗಟ್ಟಿ ಮಾಡುತ್ತದೆ. ಧ್ವನಿ ಇಲ್ಲ, ಜನ ಇಲ್ಲ ಅಂದಮೇಲೆ ಆಟ ಬದಲಿಸಬೇಕಿತ್ತು. ಆಟಗಾರರನ್ನು ಕೊಳ್ಳಲು ಬಿಡುವ ಜನವರಿಯಲ್ಲಿ ಒಬ್ಬ ಪಕ್ವವಾದ ಸೆಂಟರ್ ಬ್ಯಾಕ್ ತರಬೇಕಿತ್ತು. ಕೊನೆಯ ಸ್ಥಾನಕ್ಕೂ 10 ಕೋಟಿ ಪೌಂಡಿಗಿಂತ ಜಾಸ್ತಿ ಸಿಗುವ ಲೀಗ್ ಅದು.

ಅಂಕಿಪಟ್ಟಿ

ನಾನು ಮೇಲೆ ಹೇಳಿದ ಎರಡು ಮನೆ ಪಂದ್ಯಗಳ ಲೆಕ್ಕ ಇನ್ನೂ ಸ್ವಲ್ಪ ಮುಂದಕ್ಕೆ ಹೋಗುತ್ತದೆ. ಬರ್ನ್ಲಿ, ಶೆಫೀಲ್ಡ್ ಎರಡನ್ನೂ ಗೆದ್ದಿದ್ದರೆ 32 ಅಂಕ, ಫಾರೆಸ್ಟ್‌ಗೆ ಸಮ. ಆದರೆ ಅಂಕ ಸಮವಾದರೆ ನೋಡುವುದು ಹೊಡೆದ ಮತ್ತು ಬಿಟ್ಟ ಗೋಲುಗಳ ವ್ಯತ್ಯಾಸ. ಫಾರೆಸ್ಟ್ ಮೈನಸ್ 18. ಲೂಟನ್ ಮೈನಸ್ 33. ಆ ಎರಡು ಗೆಲುವಿನ ಗೋಲು ಸೇರಿಸಿದರೂ ಲೂಟನ್ ಕೆಳಗೇ ಉಳಿಯುತ್ತಿತ್ತು. ಕೊನೆಯ ಪಂದ್ಯಕ್ಕೆ ಮೊದಲಿನ ಪಂದ್ಯದಲ್ಲಿ ವೆಸ್ಟ್ ಹ್ಯಾಮ್‌ನಲ್ಲಿ 1-3 ಸೋತಾಗ ಅಂಕದ ಲೆಕ್ಕದಲ್ಲಿ ಇನ್ನೂ ಬಾಗಿಲು ತೆರೆದೇ ಇತ್ತು, ಆದರೆ ಗೋಲು ವ್ಯತ್ಯಾಸ ಅದನ್ನು ಮುಚ್ಚಿಯಾಗಿತ್ತು. ಬ್ರೆಂಟ್‌ಫರ್ಡ್ 1-5, ಸಿಟಿ 1-5, ಈ ಎರಡು ವಾರದಲ್ಲೇ ಮೈನಸ್ 8. ಹಾಗಾಗಿ ಎಡಗಾಲು ಅವರ 85 ಗೋಲಿನ ಮಾತಿಗೆ ನನ್ನ ಓಟು.

ಓಕ್ ರೋಡ್ ಪಕ್ಕ

ಮುಂದಿನ ವರ್ಷ ಏನಾಯಿತು ಅನ್ನುವುದನ್ನು ಆ ಸೀಸನ್ನಿನ ತಲೆಗೆ ಕಟ್ಟುವುದು ನನಗೂ ಬೇಸರ ತರಿಸುತ್ತದೆ. 2024ರ ಬೇಸಿಗೆಯಲ್ಲಿ ಬಾರ್ಕ್ಲಿ ವಿಲ್ಲಾಗೆ ಹೋದ. ತಂಡಕ್ಕೆ ಗೆಲ್ಲುವ ಅಭ್ಯಾಸವೇ ತಪ್ಪಿಹೋಗಿತ್ತು. 2025ರ ಜನವರಿಯಲ್ಲಿ ಎಡ್ವರ್ಡ್ಸ್ ಹೋದರು, ಮ್ಯಾಟ್ ಬ್ಲೂಮ್‌ಫೀಲ್ಡ್ ಬಂದರು. ಅದು ಬೇರೆಯೇ ತಪ್ಪುಗಳ ಸೀಸನ್.

ಇಲ್ಲಿ ಊರಲ್ಲಿ ಯಾರೂ "ಹೋಗಬಾರದಿತ್ತು" ಅನ್ನುವುದನ್ನು ನಾನು ಕೇಳಿಲ್ಲ. ಟೋಪಿ ಮಾಡುತ್ತಿದ್ದ ಊರು ಇದು, ಅದಕ್ಕೇ ತಂಡಕ್ಕೆ ಹ್ಯಾಟರ್ಸ್ ಅಂತ ಹೆಸರು. 2025ರ ಮಾರ್ಚ್‌ನಲ್ಲಿ ವಾಕ್ಸ್‌ಹಾಲ್ ವಾಹನ ಕಾರ್ಖಾನೆಯೂ ಮುಚ್ಚಿತು. ಉಳಿದಿರುವುದು ಕ್ಲಬ್. ಪವರ್ ಕೋರ್ಟ್ ಅನ್ನುವ ಜಾಗದಲ್ಲಿ 25 ಸಾವಿರ ಜನ ಹಿಡಿಯುವ ಹೊಸ ಮೈದಾನಕ್ಕೆ 2024ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿದೆ. ಪ್ರೀಮಿಯರ್ ಲೀಗ್ ದುಡ್ಡನ್ನು ಜನವರಿಯಲ್ಲಿ ಸುಮ್ನೆ ಸುರಿಯದೇ ಇದ್ದದ್ದಕ್ಕೆ ಇದೂ ಒಂದು ಕಾರಣ. ಎಡಗಾಲು ಅವರೇ, ಒಬ್ಬ ಸೆಂಟರ್ ಬ್ಯಾಕ್ ಬೇಕಿತ್ತು ಅನ್ನುವುದು ನಿಜ. ಆದರೆ ಮೈನಸ್ 30 ನೋಡಿದ ಕ್ಲಬ್ ದುಡ್ಡು ಬಿಚ್ಚುವ ಮೊದಲು ಎರಡು ಸಲ ಯೋಚಿಸಿದರೆ ಅದರ ಮೇಲೆ ನನಗೆ ಸಿಟ್ಟಿಲ್ಲ.

ಹೊಸ ಪ್ರೇಕ್ಷಕ

ಎಲ್ಲ ಓದಿದೆ. ನಾನು ಆ ಸೀಸನ್ ನೋಡಿಲ್ಲ. ಪೂರ್ತಿ ಪಂದ್ಯ ನೋಡಲು ಸಿಕ್ಕಿದರೆ ಯಾವುದರಿಂದ ಶುರು ಮಾಡಲಿ?

ಮಧ್ಯರಾತ್ರಿ ಮ್ಯಾಚ್

ನ್ಯೂಕಾಸಲ್ 4-4 ನೋಡಿ. 1-0 ಹಿಂದೆ, ಓಶೊ ಸಮ ಮಾಡುತ್ತಾನೆ. ಮತ್ತೆ ಹಿಂದೆ, ಬಾರ್ಕ್ಲಿ ಸಮ ಮಾಡುತ್ತಾನೆ. ಮಾರಿಸ್ ಪೆನಾಲ್ಟಿ, ಅಡೆಬಾಯೊ, 62ನೇ ನಿಮಿಷಕ್ಕೆ 4-2. ಆಮೇಲೆ ಟ್ರಿಪಿಯರ್, ಬಾರ್ನ್ಸ್, 73ಕ್ಕೆ 4-4. ಆ ತಂಡದ ಒಳ್ಳೆಯದೂ ಕೆಟ್ಟದ್ದೂ ಒಂದೇ ಪಂದ್ಯದಲ್ಲಿ ಸಿಗುತ್ತದೆ.

ಗೋಲ್‌ಕೀಪರ್ ಮೇಡಂ

ಅದಕ್ಕೂ ಮೊದಲು ಎವರ್ಟನ್ ಮೈದಾನದ 2-1 ನೋಡಿ. ಲಾಕ್ಯರ್ ಗೋಲು ಆದಮೇಲೆ ವಾಪಸ್ ಓಡಿಬಂದು ಹಿಂದಿನ ಸಾಲನ್ನು ಹೇಗೆ ನಿಲ್ಲಿಸುತ್ತಾನೆ ಅಂತ ಗಮನಿಸಿ. ಬಾಲನ್ನು ಬಿಟ್ಟು ಅವನನ್ನೇ ನೋಡುತ್ತಿರಿ. ಆಮೇಲೆ ಬೋರ್ನ್‌ಮತ್ 4-3 ಹಾಕಿಕೊಳ್ಳಿ, ನಾನು ಹೇಳಿದ್ದು ಗೊತ್ತಾಗುತ್ತದೆ.